ಊರಿನ ನುಡಿ ಬಿಡದ ಅಭಿನಯ ಸರಸ್ವತಿ

ಆಳಂದದ ಬಸ್ ನಿಲ್ದಾಣದಲ್ಲಿ ಹತ್ತು ನಿಮಿಷ ನಿಂತರೆ ಸಾಕು, ಮೂರು ಭಾಷೆಗಳು ಕಿವಿಗೆ ಬೀಳುತ್ತವೆ. ಉಮರ್ಗಾ, ಅಕ್ಕಲಕೋಟೆ ಕಡೆಯಿಂದ ಬಂದವರ ಮರಾಠಿ, ಅಂಗಡಿ ಸಾಲಿನ ದಖನಿ ಉರ್ದು, ಇವೆರಡರ ನಡುವೆ ಊರಿನ ಕನ್ನಡ. ಅಫಜಲಪುರ ತಾಲ್ಲೂಕಿನ ದೇವಲ ಗಾಣಗಾಪುರದಲ್ಲಿ ಹೂವು, ತೆಂಗಿನಕಾಯಿ ಮಾರುವ ಹುಡುಗ ದತ್ತನ ದರ್ಶನಕ್ಕೆ ಬಂದವರೊಡನೆ ಮರಾಠಿಯಲ್ಲಿ ವ್ಯಾಪಾರ ಮಾಡಿ, ಸಂಜೆ ತಾಯಿಗೆ ಕನ್ನಡದಲ್ಲಿ ಲೆಕ್ಕ ಒಪ್ಪಿಸುತ್ತಾನೆ. ಜೇವರ್ಗಿಯ ಸಂತೆಯಲ್ಲಿ ಒಂದೇ ಚೌಕಾಸಿ ಉರ್ದುವಿನಲ್ಲಿ ಶುರುವಾಗಿ ಕನ್ನಡದಲ್ಲಿ ಮುಗಿಯುತ್ತದೆ. ಇದೊಂದು ವಿದ್ಯೆ ಎಂದು ಅಲ್ಲಿ ಯಾರೂ ಎಣಿಸುವುದಿಲ್ಲ.

ಅದೇ ಹುಡುಗ ಪಿಯುಸಿ ಮುಗಿಸಿ ಬೆಂಗಳೂರಿನ ಹಾಸ್ಟೆಲ್ ಸೇರಿದಾಗ ಕಥೆ ಬೇರೆಯಾಗುತ್ತದೆ. ಸಂವಿಧಾನಕ್ಕೆ 371(ಜೆ) ವಿಧಿ ಸೇರಿದ ಮೇಲೆ ಕಲಬುರಗಿ ಸೀಮೆಯ ಮಕ್ಕಳಿಗೆ ರಾಜಧಾನಿಯ ಕಾಲೇಜುಗಳಲ್ಲೂ ಮೀಸಲು ಸೀಟುಗಳಿವೆ. ಸೀಟು ಸಿಕ್ಕಿತು, ಆದರೆ 'ಬರಲಿಕ್ಕತ್ತೀನಿ', 'ಹೌದ್ರಿ' ಎಂದೊಡನೆ ಕೋಣೆಯಲ್ಲಿ ನಗು ಏಳುತ್ತದೆ. ಎರಡು ದಿನ ನಕ್ಕರೆ ಮೂರನೆಯ ದಿನ ಹುಡುಗ ಮಾತನ್ನೇ ಕಡಿಮೆ ಮಾಡುತ್ತಾನೆ. ತರಗತಿಯಲ್ಲಿ ಉತ್ತರ ಗೊತ್ತಿದ್ದರೂ ಕೈ ಎತ್ತುವುದಿಲ್ಲ. ಎಷ್ಟೋ ಮಕ್ಕಳು ಹಿಂದೆ ಬೀಳುವುದು ಬುದ್ಧಿ ಸಾಲದೆ ಅಲ್ಲ, ಬಾಯಿ ಕಟ್ಟಿದ್ದರಿಂದ.

ಇಂಥ ಮಕ್ಕಳೂ ಅವರ ಪಾಲಕರೂ ಅರಿಯಬೇಕಾದ ಒಂದು ಬದುಕು ಬಿ. ಸರೋಜಾದೇವಿ ಅವರದು. 2025ರ ಜುಲೈ 14ರಂದು ಬೆಂಗಳೂರಿನಲ್ಲಿ ತೀರಿಕೊಂಡಾಗ ಅವರಿಗೆ 87 ವರ್ಷ. ಕನ್ನಡ, ತಮಿಳು, ತೆಲುಗು, ಹಿಂದಿ ಈ ನಾಲ್ಕೂ ಭಾಷೆಗಳ ಚಿತ್ರಗಳಲ್ಲಿ ನಾಯಕಿಯಾಗಿ ಮೆರೆದವರು ಅವರು.

ಬೆಂಗಳೂರಿನ ಪೊಲೀಸ್ ಇಲಾಖೆಯಲ್ಲಿದ್ದ ಭೈರಪ್ಪ ಹಾಗೂ ರುದ್ರಮ್ಮ ದಂಪತಿಯ ಮಗಳಾಗಿ 1938ರ ಜನವರಿ 7ರಂದು ಹುಟ್ಟಿದರು. ಚಿತ್ರರಂಗಕ್ಕೆ ಹೆಣ್ಣುಮಕ್ಕಳನ್ನು ಕಳಿಸಲು ಮರ್ಯಾದಸ್ಥ ಮನೆಗಳು ಹಿಂಜರಿಯುತ್ತಿದ್ದ ಕಾಲ ಅದು. ತಂದೆ ಮಗಳಿಗೆ ನೃತ್ಯ ಕಲಿಸಿದರು, ಸ್ಟುಡಿಯೊಗಳಿಗೆ ತಾವೇ ಜೊತೆಯಲ್ಲಿ ಹೋದರು. ತಾಯಿ ಉಡುಪಿನ ವಿಷಯದಲ್ಲಿ ಕಟ್ಟುನಿಟ್ಟು: ಈಜುಡುಗೆ ಕೂಡದು, ತೋಳಿಲ್ಲದ ರವಿಕೆ ಕೂಡದು. ಇಂದಿನ ಮನೆಗಳಲ್ಲಿ ಆ ನಿಯಮ ಚರ್ಚೆಗೆ ಗುರಿಯಾಗಬಹುದು. ಆದರೆ ಮಗಳನ್ನು ಮನೆಯಲ್ಲಿ ಕೂಡಿಹಾಕದೆ, ಒಬ್ಬಳನ್ನೇ ಬಿಟ್ಟುಬಿಡದೆ, ಬೆನ್ನಿಗೆ ನಿಂತ ಆ ದಂಪತಿಯ ರೀತಿ ಗಮನಿಸುವಂಥದ್ದು.

1955ರಲ್ಲಿ ಹೊನ್ನಪ್ಪ ಭಾಗವತರ್ ತಮ್ಮ 'ಮಹಾಕವಿ ಕಾಳಿದಾಸ' ಚಿತ್ರದಲ್ಲಿ ಅವರಿಗೆ ಅವಕಾಶ ಕೊಟ್ಟರು. ಆಗ ಹದಿನೇಳರ ಹರೆಯ. 1957ರ 'ಪಾಂಡುರಂಗ ಮಹಾತ್ಮ್ಯಂ' ಮೂಲಕ ತೆಲುಗಿನವರಿಗೆ ಪರಿಚಿತರಾದರು. 1958ರಲ್ಲಿ ಎಂ.ಜಿ. ರಾಮಚಂದ್ರನ್ ನಿರ್ದೇಶಿಸಿ ನಟಿಸಿದ 'ನಾಡೋಡಿ ಮನ್ನನ್' ಬಂತು. ಸರೋಜಾದೇವಿ ಅದರಲ್ಲಿ ಕಾಣಿಸಿಕೊಳ್ಳುವುದು ಕಥೆ ಅರ್ಧ ದಾಟಿದ ಮೇಲೆ. ಅಷ್ಟೇ ಸಾಕಾಯಿತು, ತಮಿಳುನಾಡು ಅವರನ್ನು ತನ್ನವರನ್ನಾಗಿ ಮಾಡಿಕೊಂಡಿತು. ಮರುವರ್ಷ ಶ್ರೀಧರ್ ಅವರ 'ಕಲ್ಯಾಣ ಪರಿಸು' ದೊಡ್ಡ ಯಶಸ್ಸು ತಂದಿತು. ಅದೇ 1959ರಲ್ಲಿ ದಿಲೀಪ್ ಕುಮಾರ್ ನಾಯಕರಾಗಿದ್ದ 'ಪೈಗಾಮ್' ಚಿತ್ರದಿಂದ ಹಿಂದಿಗೂ ಕಾಲಿಟ್ಟರು.

ಅವರ ದುಡಿಮೆ ಎಂಥದ್ದೆಂದು ತಿಳಿಯಲು 1961ನೇ ಇಸವಿಯೊಂದನ್ನೇ ನೋಡಬಹುದು. ಕನ್ನಡದಲ್ಲಿ ಬಿ.ಆರ್. ಪಂತುಲು ಅವರ 'ಕಿತ್ತೂರು ಚೆನ್ನಮ್ಮ'. ಅಲ್ಲಿ ಅವರು 1824ರಲ್ಲಿ ಬ್ರಿಟಿಷರನ್ನು ಎದುರಿಸಿದ ರಾಣಿ. ತಮಿಳಿನ 'ಪಾಲುಂ ಪಳಮುಂ' ಚಿತ್ರದಲ್ಲಿ ಶಿವಾಜಿ ಗಣೇಶನ್ ಕ್ಯಾನ್ಸರ್‌ಗೆ ಮದ್ದು ಹುಡುಕುವ ವೈದ್ಯ, ಇವರು ದಾದಿ. ತೆಲುಗಿನ 'ಜಗದೇಕ ವೀರುನಿ ಕಥ'ದಲ್ಲಿ ಎನ್.ಟಿ. ರಾಮರಾವ್ ಎದುರು ಇಂದ್ರನ ಮಗಳು. ಹಿಂದಿಯ 'ಸಸುರಾಲ್' ಚಿತ್ರದಲ್ಲಿ ರಾಜೇಂದ್ರ ಕುಮಾರ್ ಜೋಡಿ. ರಾಣಿ, ದಾದಿ, ದೇವಕನ್ಯೆ, ಗೃಹಿಣಿ: ಒಂದೇ ವರ್ಷದಲ್ಲಿ ನಾಲ್ಕು ಭಾಷೆ, ನಾಲ್ಕು ಬಗೆಯ ಹೆಣ್ಣು.

ಇಷ್ಟೆಲ್ಲ ಮಾಡಿದವರ ನಾಲಗೆ ಮಾತ್ರ ತನ್ನ ಊರನ್ನು ಮರೆಯಲಿಲ್ಲ. ಅವರ ತಮಿಳಿನಲ್ಲಿ ಕನ್ನಡದ ಎಳೆ ಕೇಳಿಸುತ್ತಿತ್ತು, ಕೊನೆಯವರೆಗೂ. ಅದನ್ನು ಮುಚ್ಚಲು ಬೇರೆಯವರ ದನಿ ಹಚ್ಚುವ ಗೋಜಿಗೆ ತಮಿಳು ಚಿತ್ರರಂಗ ಹೋಗಲಿಲ್ಲ. 1964ರ 'ಪುದಿಯ ಪರವೈ' ಚಿತ್ರದಲ್ಲಿ ಶಿವಾಜಿಯವರನ್ನು 'ಗೋಪಾಲ್' ಎಂದು ಎಳೆದು ಕರೆಯುವ ಅವರ ರಾಗವನ್ನು ತಮಿಳರು ಇಂದಿಗೂ ಅಕ್ಕರೆಯಿಂದ ಅನುಕರಿಸುತ್ತಾರೆ. ಅವರಿಗೆ ಅಲ್ಲಿ ಸಿಕ್ಕ ಬಿರುದು 'ಕನ್ನಡತ್ತು ಪೈಂಗಿಳಿ', ಅಂದರೆ ಕನ್ನಡದ ಹಸಿರು ಗಿಳಿ. ಹೊರನಾಡಿನವರು ಕೊಟ್ಟ ಬಿರುದಿನಲ್ಲೇ ತವರಿನ ಹೆಸರು ಸೇರಿಕೊಂಡಿತು!

ಹಾಗೆಂದು ಕಲಿಯದೆ ಇದ್ದರೂ ನಡೆಯುತ್ತದೆ ಎಂದು ಮಕ್ಕಳು ತಿಳಿಯಬಾರದು. ಎಂ.ಜಿ.ಆರ್. ಜೊತೆ 26 ಚಿತ್ರಗಳಲ್ಲಿ ನಟಿಸುವುದು ಅರೆಬರೆ ತಮಿಳಿನಿಂದ ಆಗುವ ಕೆಲಸವಲ್ಲ. ಪುಟಗಟ್ಟಲೆ ಮಾತುಗಳನ್ನು ಅರ್ಥ ತಿಳಿದು, ಭಾವ ತುಂಬಿ ಒಪ್ಪಿಸಬೇಕಾದ ಕಾಲವದು. ಭಾಷೆಯನ್ನು ಶ್ರದ್ಧೆಯಿಂದ ಕಲಿತರು; ಕಲಿತ ಮೇಲೂ ಉಳಿದ ತವರಿನ ಧಾಟಿಗೆ ನಾಚಲಿಲ್ಲ. ಇವೆರಡೂ ಒಂದೇ ಬಾಯಲ್ಲಿ ಇರಲು ಸಾಧ್ಯ ಎಂಬುದಕ್ಕೆ ಅವರೇ ಸಾಕ್ಷಿ.

ಗಡಿ ದಾಟಿದವರಲ್ಲಿ ಅವರು ಮೊದಲಿಗರೇನಲ್ಲ. ಹುಬ್ಬಳ್ಳಿ ಬಳಿಯ ಅದರಗುಂಚಿಯ ಶಾಂತಾ ಹುಬಳೀಕರ್ ಪುಣೆಯ ಪ್ರಭಾತ್ ಕಂಪನಿ ಸೇರಿ, 1939ರಲ್ಲಿ ವಿ. ಶಾಂತಾರಾಮ್ ಅವರ ಚಿತ್ರದ ಮರಾಠಿ ರೂಪ 'ಮಾಣೂಸ್', ಹಿಂದಿ ರೂಪ 'ಆದ್ಮಿ' ಎರಡರಲ್ಲೂ ನಾಯಕಿಯಾಗಿದ್ದರು.

ಉತ್ತರದ ಕನ್ನಡಕ್ಕೆ ಮಾತ್ರ ಕನ್ನಡದ ತೆರೆಯ ಮೇಲೆ ಅಷ್ಟು ಗೌರವ ದೊರೆತಿಲ್ಲ ಎಂಬುದನ್ನೂ ಹೇಳಲೇಬೇಕು. ಕಿತ್ತೂರಿನ ರಾಣಿ ಸಿನಿಮಾದಲ್ಲಿ ಗ್ರಾಂಥಿಕ ಕನ್ನಡ ಆಡಿದಳು. ಮುಂದೆ ಅನೇಕ ಚಿತ್ರಗಳಲ್ಲಿ ಈ ಕಡೆಯ ಮಾತು ನಗಿಸುವ ಪಾತ್ರಕ್ಕೆ ಮೀಸಲಾಯಿತು. ಹಾಸ್ಟೆಲಿನ ನಗು ಸ್ವಲ್ಪಮಟ್ಟಿಗೆ ಅಲ್ಲಿಂದಲೂ ಬಂದದ್ದು. ಆದರೆ ಕನ್ನಡದಲ್ಲಿ ಇಂದು ದೊರೆಯುವ ಅತ್ಯಂತ ಹಳೆಯ ಗ್ರಂಥ 'ಕವಿರಾಜಮಾರ್ಗ' ರೂಪುಗೊಂಡದ್ದು ರಾಷ್ಟ್ರಕೂಟರ ಮಾನ್ಯಖೇಟದ ಆಸ್ಥಾನದಲ್ಲಿ. ಅದೇ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ. ನಾಡಿನಲ್ಲಿ ಕನ್ನಡ ಒಂದಲ್ಲ, ಹಲವು ಎಂದು ಒಂಬತ್ತನೇ ಶತಮಾನದಲ್ಲಿಯೇ ಆ ಗ್ರಂಥ ಗುರುತಿಸಿದೆ. 'ಬರಲಿಕ್ಕತ್ತೀನಿ' ಎನ್ನುವ ಹುಡುಗ ಕೆಟ್ಟ ಕನ್ನಡ ಆಡುತ್ತಿಲ್ಲ, ಇನ್ನೊಂದು ಕನ್ನಡ ಆಡುತ್ತಿದ್ದಾನೆ.

ಸರೋಜಾದೇವಿಯವರ ದಾರಿಯೂ ಬರೀ ಹೂವಿನದಾಗಿರಲಿಲ್ಲ. 1967ರಲ್ಲಿ ಮದುವೆಯಾಗಿ, ಪತಿಯ ಒತ್ತಾಸೆಯಿಂದ ನಟನೆ ಮುಂದುವರಿಸಿದರು. 1986ರಲ್ಲಿ ಪತಿ ತೀರಿಕೊಂಡಾಗ ಕೆಲಕಾಲ ಬಣ್ಣದಿಂದ ದೂರ ಉಳಿದು ಮತ್ತೆ ಮರಳಿದರು. ವಯಸ್ಸಿಗೆ ತಕ್ಕ ಪಾತ್ರಗಳನ್ನು ಒಪ್ಪಿಕೊಂಡರು. 1984ರ 'ಯಾರಿವನು' ಚಿತ್ರದಲ್ಲಿ ಬಾಲನಟನಾಗಿ ಅವರೊಂದಿಗೆ ಅಭಿನಯಿಸಿದ್ದ ಪುನೀತ್ ರಾಜ್‌ಕುಮಾರ್ 2019ರಲ್ಲಿ 'ನಟಸಾರ್ವಭೌಮ'ದ ನಾಯಕ. ಅದರಲ್ಲೂ ಅವರು ಕಾಣಿಸಿಕೊಂಡರು. 1969ರಲ್ಲಿ ಪದ್ಮಶ್ರೀ, 1992ರಲ್ಲಿ ಪದ್ಮಭೂಷಣ ಅವರಿಗೆ ಸಂದವು.

ಪಾಲಕರು ಮಾಡಬಹುದಾದ ಕೆಲಸ ಸಣ್ಣದು. ಮಗ ಅಥವಾ ಮಗಳು ರಜೆಗೆ ಬಂದಾಗ ಹೊಸ ಧಾಟಿಯಲ್ಲಿ ಮಾತಾಡಿದರೆ 'ಏನ್ ಭಾಳ ಶಾಣ್ಯಾ ಆಗೀದಿ' ಎಂದು ಹಂಗಿಸಬಾರದು. ಹಳೆಯ ಧಾಟಿಯಲ್ಲೇ ಮಾತಾಡಿದರೆ 'ಇನ್ನೂ ಸುಧಾರಿಸಲಿಲ್ಲ' ಎಂದೂ ಅನ್ನಬಾರದು. ದಿನಕ್ಕೆ ಹತ್ತು ನಿಮಿಷ ಕನ್ನಡ, ಇಂಗ್ಲಿಷ್ ಪತ್ರಿಕೆಗಳನ್ನು ಗಟ್ಟಿಯಾಗಿ ಓದಿಸಬೇಕು. ಹೊರಡುವ ದಿನ ಬುತ್ತಿ ಕಟ್ಟುವಾಗ ಒಂದು ಮಾತನ್ನೂ ಕಟ್ಟಿಕೊಟ್ಟರಾಯಿತು: ಕ್ಲಾಸಿನ್ಯಾಗ ತಿಳೀಲಿಲ್ಲಂದ್ರ ಎದ್ದು ನಿಂತು ಕೇಳು, ಬಾಯಿಗೆ ಹ್ಯಾಂಗ ಬರತದೋ ಹಾಂಗ ಕೇಳು.