ಅಪ್ಪಾಜಿಯ ಕಿವಿ, ನಾನು ಹಾಕಿದ ಡಾಂಗಲ್

ಎರಡು ತಿಂಗಳಿಂದ ಅಪ್ಪಾಜಿ ವಿಡಿಯೋ ಕಾಲ್‌ನಲ್ಲಿ ಎಲ್ಲದಕ್ಕೂ "ಹ್ಞೂಂ" ಅನ್ನೋಕೆ ಶುರು ಮಾಡಿದ್ದರು. ಊಟ ಆಯ್ತಾ ಅಂದರೆ ಹ್ಞೂಂ. ಅಡಿಕೆ ಕೊಯ್ಲು ಯಾವಾಗ ಅಂದರೂ ಹ್ಞೂಂ. ಒಂದು ರಾತ್ರಿ ಬೇಕಂತಲೇ "ಅಪ್ಪಾಜಿ, ನಾನು ಕೆಲಸ ಬಿಟ್ಟೆ" ಅಂದೆ. ಅದಕ್ಕೂ "ಹ್ಞೂಂ, ಒಳ್ಳೇದಾತು ಬಿಡು" ಅಂದರು.

ನಾನು ತಕ್ಷಣ ಅಕ್ಕನಿಗೆ ಫೋನ್ ಮಾಡಿದೆ. ಅಪ್ಪಾಜಿಗೆ 68 ವರ್ಷ, ಕಿವಿ ಮಂದ ಆಗಿರಬೇಕು ಅಂತ ಇಬ್ಬರೂ ಐದು ನಿಮಿಷದಲ್ಲಿ ತೀರ್ಮಾನಕ್ಕೆ ಬಂದೆವು. ಹತ್ತನೇ ನಿಮಿಷಕ್ಕೆ ನಾನು ಶ್ರವಣ ಸಾಧನಗಳ ಬೆಲೆ ನೋಡ್ತಾ ಇದ್ದೆ. ಶಿವಮೊಗ್ಗದಲ್ಲಿ ಕಿವಿ-ಮೂಗು-ಗಂಟಲು ಡಾಕ್ಟರ ಹತ್ತಿರ ಸೋಮವಾರಕ್ಕೆ ಸಮಯ ತಗೊಂಡೆ. ಅಪ್ಪಾಜಿಗೆ ಹೇಳಿದಾಗ ಅವರು ಬೇಡ ಅನ್ನಲಿಲ್ಲ. ನನಗೆ ದಿಗಿಲಾಗಿದ್ದು ಅಲ್ಲಿ. ಮೂವತ್ತು ವರ್ಷ ಮೇಷ್ಟ್ರಾಗಿದ್ದವರು, ಜ್ವರದ ಮಾತ್ರೆಗೂ ನಾಲ್ಕು ಪ್ರಶ್ನೆ ಕೇಳಿ ನುಂಗುವವರು, ಈಗ "ಆತು ಬಾ, ಹೋಗಾಣ" ಅಂದುಬಿಟ್ಟರು.

ಶುಕ್ರವಾರ ರಾತ್ರಿ ಬೆಂಗಳೂರು ಬಿಟ್ಟೆ. ಬೆಳಿಗ್ಗೆ ಶಿವಮೊಗ್ಗದಲ್ಲಿ ಇಳಿದು ಶಿಕಾರಿಪುರದ ಬಸ್ ಹತ್ತಿ ಸವಳಂಗ ಮುಟ್ಟಿದಾಗ ಕೆರೆ ಮೇಲೆ ಇನ್ನೂ ಮಂಜಿತ್ತು. ಅಪ್ಪಾಜಿ ತೋಟಕ್ಕೆ ಹೋಗಿದ್ದರು. ಅಮ್ಮ ಕಾಫಿ ಕೊಟ್ಟು ಎದುರಿಗೆ ಕೂತರು.

"ನಿಮ್ಮಪ್ಪಂಗೆ ಕಿವಿ ಕೇಳಲ್ಲ ಅಂತ ಯಾರಂದ್ರು ನಿಂಗೆ? ಬೆಳಿಗ್ಗೆ ರೇಡಿಯೋದಾಗೆ ಭದ್ರಾವತಿ ಹಾಕ್ಕೊಂಡು ಎಲ್ಲಾ ಕೇಳ್ತಾರೆ. ಅಡಿಗೆ ಮನೇಲಿ ನಾನೊಂದು ಪಾತ್ರೆ ಕೆಡವಿದ್ರೆ ಪಡಸಾಲೆಯಿಂದ ಕೂಗ್ತಾರೆ. ನಿನ್ನ ಕಂಪ್ಯೂಟರ್ ಮುಂದೆ ಕೂತಾಗ ಮಾತ್ರ ಕಿವುಡು."

ಎಂಟು ವರ್ಷದಿಂದ ಸಾಫ್ಟ್‌ವೇರ್ ಕೆಲಸ ಮಾಡ್ತಿದ್ದೀನಿ. ದೋಷ ಎಲ್ಲಿ ಬರುತ್ತೆ, ಎಲ್ಲಿ ಬರಲ್ಲ ಅಂತ ಇಷ್ಟು ಸ್ಪಷ್ಟವಾಗಿ ಬರೆದುಕೊಟ್ಟ ಟೆಸ್ಟರ್‌ನ ನಾನು ನೋಡಿಲ್ಲ. ಇಷ್ಟು ದಿನ ಯಾಕೆ ಹೇಳಲಿಲ್ಲಮ್ಮ ಅಂದರೆ, "ನೀನು ಕೇಳಿದ್ದು ಅವರ ಕಿವಿ ಬಗ್ಗೆ, ನನ್ನನ್ನ ಎಲ್ಲಿ ಕೇಳಿದೆ?" ಅಂದರು.

ಆ ಕಂಪ್ಯೂಟರ್ ನಾನು ಇಂಜಿನಿಯರಿಂಗ್ ಓದುವಾಗ, 2014ರಲ್ಲಿ, ಶಿವಮೊಗ್ಗದಲ್ಲಿ ಬಿಡಿಭಾಗ ಜೋಡಿಸಿ ಮಾಡಿಸಿದ್ದು. ನಾಲ್ಕನೇ ತಲೆಮಾರಿನ ಐ3, ಆಮೇಲೆ ಹಾಕಿದ ಒಂದು ಎಸ್‌ಎಸ್‌ಡಿ. ಫೋನಿನಲ್ಲಿ ಮೊಮ್ಮಗಳ ಮುಖ ಹೆಬ್ಬೆರಳಿನಷ್ಟೇ ಕಾಣುತ್ತೆ ಅಂತ ಅಪ್ಪಾಜಿ ವಿಡಿಯೋ ಕಾಲ್‌ಗೆ ಅದರ ಮುಂದೆಯೇ ಕೂರೋದು. ಆನ್ ಮಾಡಿ ಒಂದು ಹಾಡು ಹಾಕಿದೆ. ಮೊದಲ ಅರ್ಧ ನಿಮಿಷ ಚೆನ್ನಾಗಿತ್ತು. ಆಮೇಲೆ ಹರಿದ ಬಟ್ಟೆಯ ಹಾಗೆ ತುಂಡು ತುಂಡು. ಮತ್ತೆ ಸರಿ. ಎರಡು ನಿಮಿಷ ಬಿಟ್ಟು ಮತ್ತೆ ಕರ್ರ್ ಅಂತ ಅರ್ಧ ಪದ ನುಂಗಿತು.

ಅಷ್ಟರಲ್ಲಿ ಅಪ್ಪಾಜಿ ಬಂದರು. ಅವರನ್ನೂ ಕೇಳಿಸಿದೆ. "ಇದು ಹಿಂಗೇ ಬರ್ತೈತಾ?" ಅಂದೆ.

"ಒಂದೊಂದ್ ಸಲ ಸರಿ ಇರ್ತಿತ್ತು ಕಣಪ್ಪ. ಮಿಷಿನ್ ಕೆಟ್ಟಿದ್ರೆ ಯಾವಾಗ್ಲೂ ಕೆಟ್ಟಿರಬೇಕಲ್ಲ? ಅದಕ್ಕೆ ನನ್ನ ಕಿವೀನೇ ಅಂದ್ಕೊಂಡೆ."

ಸಂಜೆ ಹೋಟೆಲ್ ಹತ್ತಿರ ಗೆಳೆಯರ ಜೊತೆ ಕೂರೋದನ್ನೂ ಅವರು ಬಿಟ್ಟಿದ್ದರು ಅಂತ ಅಮ್ಮ ಆಮೇಲೆ ಹೇಳಿದರು. ಏನೋ ಕೇಳಿ ಏನೋ ಉತ್ತರ ಕೊಟ್ಟು ನಗೆಪಾಟಲಾಗೋದು ಬೇಡ ಅಂತ.

ಸರಿ, ಇನ್ನು ರಿಪೇರಿ. ನಿಮ್ಮ ಮನೆಯಲ್ಲೂ ಇಂಥದ್ದಿದ್ದರೆ ದುಡ್ಡು ಖರ್ಚಾಗದ ಕಡೆಯಿಂದ ಶುರು ಮಾಡಿ. ಸ್ಪೀಕರ್ ಪಿನ್ ಕಿತ್ತು ಅಮ್ಮನ ಹಳೇ ಫೋನಿಗೆ ಚುಚ್ಚಿದೆ. ಚೆನ್ನಾಗಿ ಹಾಡಿತು, ಅಂದರೆ ಸ್ಪೀಕರ್ ತಪ್ಪಿಲ್ಲ. ಕಂಪ್ಯೂಟರಿನ ಮುಂದಿನ ತೂತು ಬಿಟ್ಟು ಹಿಂದಿನ ಹಸಿರು ತೂತಿಗೆ ಹಾಕಿದೆ. ಜೋಡಿಸಿದ ಕ್ಯಾಬಿನೆಟ್‌ಗಳಲ್ಲಿ ಮುಂದಿನ ತೂತಿನಿಂದ ಮದರ್‌ಬೋರ್ಡ್‌ಗೆ ಹೋಗುವ ಸಣ್ಣ ವೈರು ಸಡಿಲ ಆಗೋದು ಮಾಮೂಲು. ಇಲ್ಲಿ ಅದೂ ಅಲ್ಲ. ಪಕ್ಕದ ಮನೆಯವರು ಕರೆಂಟಿನ ವೋಲ್ಟೇಜ್ ಅಂದರು. ಮೇನ್ ತೆಗೆದು ಯುಪಿಎಸ್ ಮೇಲೆ ಓಡಿಸಿದೆ. ಅದರ ಬ್ಯಾಟರಿ ಸಾಯುವ ಮುಂಚೆ ಸಿಕ್ಕ ಆರು ನಿಮಿಷದಲ್ಲೂ ಎರಡು ಸಲ ಹರಿಯಿತು.

ಆಮೇಲೆ ಬಹಳ ಜನ ಬಿಟ್ಟುಬಿಡುವ ಒಂದು ಪರೀಕ್ಷೆ. ಆನ್‌ಲೈನ್ ಹಾಡು ಬಿಟ್ಟು ಡಿಸ್ಕಿನಲ್ಲೇ ಇರುವ ಒಂದು ಹಾಡು ಹಾಕಿ. ಅದು ಚೆನ್ನಾಗಿ ಬಂದು ಯೂಟ್ಯೂಬ್ ಮಾತ್ರ ತುಂಡಾದರೆ ನೆಟ್ ತೊಂದರೆ, ಇಂಟರ್‌ನೆಟ್‌ನವರಿಗೆ ಬೈಯಬಹುದು. ನಮ್ಮಲ್ಲಿ ಡಿಸ್ಕಿನ ಹಾಡೂ ತುಂಡಾಯಿತು. ಹಾಗಾಗಿ ನೆಟ್ ಅಲ್ಲ ಅಂತ ಬರೆದುಕೊಂಡೆ. ಅರ್ಧ ಸರಿ, ಅರ್ಧ ತಪ್ಪು. ಅದಕ್ಕೆ ಆಮೇಲೆ ಬರ್ತೀನಿ.

ಮಧ್ಯಾಹ್ನದವರೆಗೆ ಎಲ್ಲರೂ ಮಾಡೋದನ್ನೇ ಮಾಡಿದೆ. ಸೌಂಡ್ ಡ್ರೈವರ್ ತೆಗೆದು ಹಾಕಿದೆ, ಎನ್‌ಹ್ಯಾನ್ಸ್‌ಮೆಂಟ್ ಎಲ್ಲ ಆಫ್ ಮಾಡಿದೆ, 44,100 ಇದ್ದದ್ದನ್ನ 48,000 ಹರ್ಟ್ಸ್ ಮಾಡಿದೆ, ಪವರ್ ಪ್ಲಾನ್ ಬದಲಾಯಿಸಿದೆ, ಮುಚ್ಚಳ ತೆಗೆದು ಫ್ಯಾನಿನ ಧೂಳು ಒರೆಸಿದೆ. ಧೂಳು ಮಾತ್ರ ಹೋಯಿತು.

ಇಲ್ಲಿ ಸ್ವಲ್ಪ ತಡೆದು ಶಬ್ದ ಹೇಗೆ ಬರುತ್ತೆ ಅಂತ ಹೇಳಿಬಿಡ್ತೀನಿ. ನಿಮ್ಮ ಊರಿನ ವಾಟರ್‌ಮನ್‌ನ ನೆನೆಸಿಕೊಳ್ಳಿ. ಮನೆ ಮೇಲೆ ಒಂದು ಸಣ್ಣ ಟ್ಯಾಂಕ್, ಕೆಳಗೆ ನಲ್ಲಿ ಸದಾ ತೆರೆದೇ ಇದೆ. ವಾಟರ್‌ಮನ್ ಹೊತ್ತು ಹೊತ್ತಿಗೆ ಬಂದು ಟ್ಯಾಂಕ್ ತುಂಬಿಸಬೇಕು. ಕಂಪ್ಯೂಟರಿನಲ್ಲಿ ಶಬ್ದ ಅಂದರೆ ಸೆಕೆಂಡಿಗೆ 48,000 ಅಂಕಿಗಳು. ವಿಂಡೋಸ್ ಸಾಮಾನ್ಯವಾಗಿ 10 ಮಿಲಿಸೆಕೆಂಡಿಗೊಮ್ಮೆ ಬಂದು ಮುಂದಿನ 480 ಅಂಕಿ ಸುರಿದು ಹೋಗುತ್ತೆ. ವಾಟರ್‌ಮನ್ ಬರೋದು ಸ್ವಲ್ಪ ತಡವಾದರೂ ಟ್ಯಾಂಕ್ ಖಾಲಿ, ನಲ್ಲಿಯಲ್ಲಿ ಪುಸ್ ಪುಸ್ ಅಂತ ಗಾಳಿ. ನೀವು ಕೇಳುವ ಕರ್ರ್ ಆ ಗಾಳಿ. ನೀರು ಇಲ್ಲ ಅಂತಲ್ಲ, ತರುವವನನ್ನ ದಾರಿಯಲ್ಲಿ ಯಾರೋ ನಿಲ್ಲಿಸಿಕೊಂಡಿದ್ದಾರೆ. ಹಾಗಾಗಿ ಸ್ಪೀಕರ್, ಸೌಂಡ್ ಡ್ರೈವರ್ ಎಷ್ಟು ಉಜ್ಜಿದರೂ ಉಪಯೋಗ ಇಲ್ಲ. ನಿಲ್ಲಿಸಿಕೊಂಡವರನ್ನ ಹುಡುಕಬೇಕು.

ನನ್ನ ಬ್ಯಾಗಿನಲ್ಲಿ ಉಬುಂಟು ತುಂಬಿದ ಪೆನ್ ಡ್ರೈವ್ ಇತ್ತು. ಇನ್‌ಸ್ಟಾಲ್ ಮಾಡದೇ ಅದರಿಂದಲೇ ಕಂಪ್ಯೂಟರ್ ಆನ್ ಮಾಡಿ ಅದೇ ಹಾಡು ಹಾಕಿದೆ. ಇಪ್ಪತ್ತು ನಿಮಿಷ ಒಂದು ತುಂಡೂ ಇಲ್ಲ. ಹಾರ್ಡ್‌ವೇರ್ ಗಟ್ಟಿಯಾಗಿದೆ ಅಂತ ಖುಷಿಯಾಯ್ತು. ಆದರೆ ಉಬುಂಟು ನಮ್ಮ ವೈಫೈ ಡಾಂಗಲ್ ಗುರುತಿಸಲಿಲ್ಲ, ನೆಟ್ ಬರಲಿಲ್ಲ. ಇದೊಂದು ಪೀಡೆ ಅಂತ ಗೊಣಗಿಕೊಂಡು ಆಫ್ ಮಾಡಿದೆ. ಡಾಂಗಲ್ ಕೆಲಸ ಮಾಡದಿದ್ದಾಗ ಶಬ್ದ ಸರಿಯಾಗಿದೆ ಅನ್ನೋದು ಕಣ್ಣ ಮುಂದೆ ಇತ್ತು. ಎರಡನ್ನೂ ಜೋಡಿಸೋಕೆ ನನಗೆ ಒಂದು ಗಂಟೆ ಬೇಕಾಯ್ತು, ಅದೂ ಊಟಕ್ಕೆ ಕೂತಾಗ.

ರೊಟ್ಟಿ ಅರ್ಧಕ್ಕೆ ಬಿಟ್ಟು ಎದ್ದೆ. ಲೇಟೆನ್ಸಿಮಾನ್ ಅಂತ ಒಂದು ಪ್ರೋಗ್ರಾಂ ಇದೆ, ಮನೆ ಬಳಕೆಗೆ ಉಚಿತ. ಯಾವ ಡ್ರೈವರ್ ಪ್ರೊಸೆಸರ್‌ನ ಎಷ್ಟು ಹೊತ್ತು ಹಿಡಿದಿಟ್ಟುಕೊಳ್ಳುತ್ತೆ ಅಂತ ಅದು ಮೈಕ್ರೋಸೆಕೆಂಡ್ ಲೆಕ್ಕದಲ್ಲಿ ತೋರಿಸುತ್ತೆ. ಕಾಲು ಗಂಟೆ ಓಡಲು ಬಿಟ್ಟೆ. ನೆಟ್‌ವರ್ಕ್ ಡ್ರೈವರ್‌ನ ಸಾಲಿನಲ್ಲಿ 12,000 ದಾಟಿತ್ತು. ಅಂದರೆ 12 ಮಿಲಿಸೆಕೆಂಡ್. ವಾಟರ್‌ಮನ್ 10ಕ್ಕೆ ಬರಬೇಕು. ಡಿವೈಸ್ ಮ್ಯಾನೇಜರ್‌ನಲ್ಲಿ ಡಾಂಗಲ್ ಡಿಸೇಬಲ್ ಮಾಡಿದೆ, ಹಾಡು ಸರಿಯಾಯ್ತು. ಎನೇಬಲ್ ಮಾಡಿದೆ, ಮೂರೇ ನಿಮಿಷಕ್ಕೆ ಕರ್ರ್. ಮತ್ತೆ ಡಿಸೇಬಲ್, ಮತ್ತೆ ಸರಿ. ಒಂದು ಸಲ ಆದರೆ ಕಾಕತಾಳೀಯ ಅನ್ನಬಹುದು, ಅದಕ್ಕೇ ತಿರುಗಿಸಿ ಮುರುಗಿಸಿ ನೋಡೋದು.

ಆ ಡಾಂಗಲ್ ಯಾರು ಹಾಕಿದ್ದು ಅಂತ ನೀವು ಕೇಳಬಹುದು. ಗಣೇಶನ ಹಬ್ಬಕ್ಕೆ ಊರಿಗೆ ಬಂದಾಗ ರೂಟರ್‌ನಿಂದ ಬರುವ ಲ್ಯಾನ್ ಕೇಬಲ್‌ನ ಇಲಿ ಕಡಿದುಹಾಕಿತ್ತು. ಹೊಸ ಕೇಬಲ್ ಎಳೆಯೋಕೆ ಬೇಜಾರಾಗಿ ನಾನೇ ಒಂದು ಅಗ್ಗದ ಡಾಂಗಲ್ ಚುಚ್ಚಿ, ಅದರ ಡಬ್ಬದಲ್ಲಿದ್ದ ಹಳೇ ಸಿಡಿಯಿಂದ ಡ್ರೈವರ್ ಹಾಕಿ, "ಇನ್ಮೇಲೆ ವೈರ್ ಗೋಜೇ ಇಲ್ಲ ಅಪ್ಪಾಜಿ" ಅಂತ ಹೇಳಿ ಹೋಗಿದ್ದೆ. ರೂಟರ್ ಪಡಸಾಲೆಯಲ್ಲಿ, ಕಂಪ್ಯೂಟರ್ ಎರಡು ಮಣ್ಣಿನ ಗೋಡೆ ದಾಟಿ ಒಳಕೋಣೆಯಲ್ಲಿ. ಸಿಗ್ನಲ್ ಕಮ್ಮಿ ಇರುವಾಗ ವೈಫೈ ಆಗಾಗ ಸುತ್ತಮುತ್ತ ಬೇರೆ ಸಿಗ್ನಲ್ ಹುಡುಕುತ್ತೆ. ಹುಡುಕುವಾಗಲೆಲ್ಲ ವಾಟರ್‌ಮನ್‌ನ ಕೈ ಹಿಡಿದು ನಿಲ್ಲಿಸಿಕೊಳ್ತಿತ್ತು. ಒಂದೊಂದು ಸಲ ಸರಿ, ಒಂದೊಂದು ಸಲ ಇಲ್ಲ ಅನ್ನೋದಕ್ಕೆ ಕಾರಣ ಅದು.

ಹೊಸ ಡ್ರೈವರ್ ಹಾಕಿದರೆ ಕಮ್ಮಿಯಾಯ್ತು, ಪೂರ್ತಿ ಹೋಗಲಿಲ್ಲ. ಸಂಜೆ ನ್ಯಾಮತಿಗೆ ಹೋಗಿ 20 ಮೀಟರ್ ಲ್ಯಾನ್ ಕೇಬಲ್ ತಂದೆ. 100 ಮೀಟರ್‌ವರೆಗೆ ಅದಕ್ಕೆ ಏನೂ ಆಗಲ್ಲ. ಈ ಸಲ ಇಲಿಗೆ ಸಿಗದ ಹಾಗೆ ಪಿವಿಸಿ ಪಟ್ಟಿಯೊಳಗೆ ಹಾಕಿದೆ, ಅಪ್ಪಾಜಿ ಏಣಿ ಹಿಡಿದುಕೊಂಡಿದ್ದರು. ಡಾಂಗಲ್ ಈಗ ನನ್ನ ಬ್ಯಾಗಿನಲ್ಲಿದೆ.

ಬ್ಲೂಟೂತ್ ಸ್ಪೀಕರ್ ಇಟ್ಟುಕೊಂಡವರಿಗೆ ಒಂದು ಮಾತು. ಯುಎಸ್‌ಬಿ 3.0 ಸಾಧನಗಳು 2.4 ಗಿಗಾಹರ್ಟ್ಸ್‌ನಲ್ಲಿ ಗದ್ದಲ ಎಬ್ಬಿಸುತ್ತವೆ ಅಂತ ಇಂಟೆಲ್ 2012ರಲ್ಲೇ ಬರೆದಿದೆ. ಬ್ಲೂಟೂತ್ ಓಡೋದೂ ಅಲ್ಲೇ. ಹಾರ್ಡ್ ಡಿಸ್ಕ್ ಪಕ್ಕ ಬ್ಲೂಟೂತ್ ಪಿನ್ ಚುಚ್ಚಿದ್ದರೆ ಒಂದು ಎಕ್ಸ್‌ಟೆನ್ಶನ್ ವೈರು ಹಾಕಿ ದೂರ ಇಡಿ. ಇನ್ನು ನಮ್ಮ ಕಂಪ್ಯೂಟರಿನ ವಿಂಡೋಸ್ 10ಕ್ಕೆ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೇ ಮುಗಿದಿದೆ, 11 ಈ ಹಳೇ ಪ್ರೊಸೆಸರ್‌ಗೆ ಅಧಿಕೃತವಾಗಿ ಇಲ್ಲ. ಉಬುಂಟುಗೆ ಅಪ್ಪಾಜಿಯನ್ನ ಒಪ್ಪಿಸೋದು ಇನ್ನೊಂದು ಅಂಕಣಕ್ಕಾಗುವಷ್ಟು ಕಥೆ.

ಸೋಮವಾರ ಡಾಕ್ಟರ ಹತ್ತಿರ ಹೋದೆವು. ಕಂಪ್ಯೂಟರ್ ಸರಿಯಾಯ್ತಲ್ಲ, ಯಾಕೆ ದುಡ್ಡು ದಂಡ ಅಂದರು ಅಪ್ಪಾಜಿ. ಅಮ್ಮ ಬಿಡಲಿಲ್ಲ. ಗಾಜಿನ ಕೋಣೆಯಲ್ಲಿ ಕೂರಿಸಿ 250ರಿಂದ 8,000 ಹರ್ಟ್ಸ್‌ವರೆಗೆ ಒಂದೊಂದೇ ಸ್ವರ ಕೇಳಿಸಿ ಚುಕ್ಕಿ ಇಟ್ಟರು. ಗೆರೆ 4,000ದವರೆಗೆ ನೆಟ್ಟಗಿತ್ತು, ಆಮೇಲೆ ಸ್ವಲ್ಪ ಇಳಿದಿತ್ತು. ವಯಸ್ಸಾದಂತೆ ಮೊದಲು ಹೋಗೋದು ಆ ಎತ್ತರದ ಸ್ವರಗಳೇ, ಸ, ಶ, ಫ ಥರದ ಅಕ್ಷರಗಳು ಮಸುಕಾಗುತ್ತವೆ ಅಂದರು ಡಾಕ್ಟರು. ಸಾಧನ ಈಗ ಬೇಡ, ವರ್ಷಕ್ಕೊಮ್ಮೆ ತೋರಿಸಿ ಅಂತ ಹೇಳಿ, ಬಲಗಿವಿಯ ಗುಗ್ಗೆ ತೆಗೆದು ಕಳಿಸಿದರು. ಅಂದರೆ ನಾನೂ ಅಕ್ಕನೂ ಪೂರ್ತಿ ತಪ್ಪಿರಲಿಲ್ಲ, ಅಮ್ಮನೂ ಪೂರ್ತಿ ಸರಿ ಇರಲಿಲ್ಲ. ಇದನ್ನ ನಾನು ಅಮ್ಮನಿಗೆ ಹೇಳಿಲ್ಲ.

ಈಗ ಅಪ್ಪಾಜಿ ಸಂಜೆ ಹೋಟೆಲ್ ಕಡೆ ಹೋಗ್ತಿದ್ದಾರೆ. ಕಾಲ್‌ನಲ್ಲಿ "ನೀನು ಮಾತು ನುಂಗ್ತೀಯ, ಬಾಯ್ಬಿಟ್ಟು ಮಾತಾಡು" ಅಂತ ನನ್ನನ್ನೇ ತಿದ್ದುತ್ತಾರೆ. ಮೊನ್ನೆ ರಾತ್ರಿ ನನಗೆ ಆ ಕೆಲಸ ಬಿಟ್ಟ ಸುಳ್ಳು ನೆನಪಾಯ್ತು.

"ಅಲ್ಲ ಅಪ್ಪಾಜಿ, ಅವತ್ತು ನಾನು ಕೆಲಸ ಬಿಟ್ಟೆ ಅಂದಾಗ ಒಳ್ಳೇದಾತು ಅಂದ್ರಲ್ಲ, ಅದ್ಯಾಕೆ?"

"ಕೆಲಸಾನಾ? ನಂಗೆ 'ಬಿಟ್ಟೆ' ಅನ್ನೋದಷ್ಟೇ ಕೇಳಿಸ್ತು. ಸಿಗರೇಟು ಇರಬೇಕು ಅಂದ್ಕೊಂಡೆ."

ನಾನು ಸಿಗರೇಟು ಸೇದೋದು ಅವರಿಗೆ ಗೊತ್ತು ಅಂತ ನನಗೆ ಗೊತ್ತಾಗಿದ್ದೇ ಆಗ. ಶಬ್ದ ಒಂಚೂರೂ ತುಂಡಾಗದೆ ಬರ್ತಿತ್ತು. ನಾನು "ಹ್ಞೂಂ" ಅಂದೆ.