ಆ ಅರ್ಧ ನಿಮಿಷ ಯಾರಪ್ಪನ ಮನೆ ಗಂಟು?

ಶಿವಾಜಿನಗರದ ರಸೆಲ್ ಮಾರ್ಕೆಟ್ಟಿನಲ್ಲಿ ತಕ್ಕಡಿ ಸ್ವಲ್ಪ ವಾಲಿದರೂ ನಾವು ಜಗಳ ತೆಗೆಯುತ್ತೇವೆ. ತಕ್ಕಡಿಗೆ ಸರ್ಕಾರದ ಮುದ್ರೆ ಬೇಕು, ಕಾಲಕಾಲಕ್ಕೆ ತಪಾಸಣೆಯಾಗಬೇಕು. ಆದರೆ ಜನರ ಹೊತ್ತನ್ನು ಅಳೆಯುವ ಪ್ರೋಗ್ರಾಮಿಗೆ ಯಾವ ಮುದ್ರೆಯೂ ಇಲ್ಲ. ಅದನ್ನು ಬರೆಯುವವರಲ್ಲಿ ನಾನೂ ಒಬ್ಬ.

ಇಂದಿರಾನಗರದ ಕಚೇರಿಯೊಂದರಲ್ಲಿ ಕೂತು, ಊಟ ತಲುಪಿಸುವವರು ಹೋಟೆಲ್ ಮುಂದೆ ಕಾದ ಹೊತ್ತಿನ ಲೆಕ್ಕವಿಡುವ ಸಾಲುಗಳನ್ನು ಬರೆದೆ. ಕಾದ ಸೆಕೆಂಡುಗಳನ್ನು 60ರಿಂದ ಭಾಗಿಸಿದರೆ ನಿಮಿಷ ಸಿಗುತ್ತದೆ. ಮೂರನೇ ಕ್ಲಾಸಿನ ಲೆಕ್ಕ. ಆದರೆ ಸಿ, ಜಾವಾದಂಥ ಭಾಷೆಗಳಲ್ಲಿ ಪೂರ್ಣಾಂಕವನ್ನು ಪೂರ್ಣಾಂಕದಿಂದ ಭಾಗಿಸಿದರೆ ಶೇಷ ಉದುರಿಹೋಗುತ್ತದೆ. 119 ಸೆಕೆಂಡು ಒಂದೇ ನಿಮಿಷವಾಗುತ್ತದೆ. 59 ಸೆಕೆಂಡು ಸೊನ್ನೆಯಾಗುತ್ತದೆ.

ಹಲಸೂರಿನ ಹೋಟೆಲೊಂದರ ಮುಂದೆ ನಿಂತಿದ್ದವರೊಬ್ಬರು ಒಮ್ಮೆ ಕೇಳಿದರು: “ಸಾರ್, ನಾನು ಫೋನಲ್ಲಿ ಟೈಮ್ ನೋಡ್ಕೊಂಡೇ ನಿಂತಿರ್ತೀನಿ. ಆ್ಯಪಲ್ಲಿ ಮಾತ್ರ ಯಾವಾಗ್ಲೂ ಕಮ್ಮಿನೇ ತೋರ್ಸುತ್ತಲ್ಲ?” “ಅರ್ಧ ನಿಮಿಷ ತಾನೇ ಅಣ್ಣ” ಅಂದುಬಿಟ್ಟೆ.

ಆ ರಾತ್ರಿ ಲೆಕ್ಕ ಹಾಕಿದೆ. ಒಂದು ಆರ್ಡರಿಗೆ ಸರಾಸರಿ 30 ಸೆಕೆಂಡು ಉದುರಿದರೆ, ದಿನಕ್ಕೆ 24 ಆರ್ಡರಿಗೆ 12 ನಿಮಿಷ. ನಮ್ಮ ಪಂಚಾಂಗದ ಅಳತೆಯಲ್ಲಿ 24 ನಿಮಿಷಕ್ಕೆ ಒಂದು ಗಳಿಗೆ. ಅಂದರೆ ದಿನಕ್ಕೆ ಅರ್ಧ ಗಳಿಗೆ. ತಿಂಗಳಿಗೆ 26 ದಿನ ದುಡಿದರೆ 13 ಗಳಿಗೆ, ಐದು ಗಂಟೆಗೂ ಹೆಚ್ಚು. ನಾಚಿಕೆಯ ಸಂಗತಿ ಇನ್ನೊಂದಿದೆ. ತಡವಾದದ್ದಕ್ಕೆ ದಂಡ ಎಣಿಸುವ ಸಾಲನ್ನೂ ನಾನೇ ಬರೆದಿದ್ದೆ. ಅಲ್ಲಿ 61 ಸೆಕೆಂಡು ಎರಡು ನಿಮಿಷವಾಗುತ್ತಿತ್ತು. ಕೊಡುವಾಗ ಕೆಳಕ್ಕೆ, ಕೀಳುವಾಗ ಮೇಲಕ್ಕೆ!

“ಗಣಿತಕ್ಕೆ ಪಕ್ಷಪಾತವಿಲ್ಲ” ಎಂಬ ಮಾತು ನನ್ನ ಸಹೋದ್ಯೋಗಿಗಳ ಬಾಯಲ್ಲಿ ಸದಾ ಇರುತ್ತದೆ. ಗಣಿತಕ್ಕೆ ಇಲ್ಲದಿರಬಹುದು, ಶೇಷವನ್ನು ಯಾವ ಕಡೆಗೆ ತಳ್ಳಬೇಕೆಂದು ತೀರ್ಮಾನಿಸುವ ಮನುಷ್ಯನಿಗೆ ಇದೆ. ಚಿಲ್ಲರೆ ಎಂದು ಬಿಟ್ಟದ್ದು ಚಿಲ್ಲರೆಯಾಗಿಯೇ ಉಳಿಯುವುದೂ ಇಲ್ಲ. 1991ರ ಫೆಬ್ರವರಿ 25ರಂದು ಸೌದಿಯ ದಹ್ರಾನಿನಲ್ಲಿ ಪೇಟ್ರಿಯಟ್ ಕ್ಷಿಪಣಿ ವ್ಯವಸ್ಥೆ ಎದುರಾಳಿ ಕ್ಷಿಪಣಿಯನ್ನು ತಡೆಯಲಿಲ್ಲ. 28 ಅಮೆರಿಕನ್ ಸೈನಿಕರು ಸತ್ತರು. ಅದರ ಗಡಿಯಾರ ಎಣಿಸುತ್ತಿದ್ದದ್ದು ಸೆಕೆಂಡಿನ ಹತ್ತನೇ ಒಂದು ಭಾಗಗಳನ್ನು. ದ್ವಿಮಾನದಲ್ಲಿ ಆ ಭಿನ್ನರಾಶಿಗೆ ಕೊನೆಯಿಲ್ಲ, ಆದ್ದರಿಂದ ಬಾಲ ಕತ್ತರಿಸಿದ್ದರು. ಸುಮಾರು 100 ಗಂಟೆ ಓಡಿದ ಮೇಲೆ ವ್ಯತ್ಯಾಸ 0.34 ಸೆಕೆಂಡಿಗೆ ಮುಟ್ಟಿತ್ತು. ಅಷ್ಟು ಸಾಕಾಯಿತು.

ಪರಿಹಾರ ಕಷ್ಟದ್ದೇನಲ್ಲ. ‘ಕಾದ ಹೊತ್ತು 30’ ಎಂದು ಬರೆದು ಕೈತೊಳೆದುಕೊಳ್ಳಬೇಡಿ. ಸೆಕೆಂಡೋ ನಿಮಿಷವೋ ಹೆಸರಿನಲ್ಲೇ ಹೇಳಿ. ಸೆಕೆಂಡುಗಳನ್ನು ಸೆಕೆಂಡುಗಳಾಗಿಯೇ ಕೂಡಿಸುತ್ತಾ ಹೋಗಿ, ಕೊನೆಯಲ್ಲಿ ಒಂದೇ ಸಲ ನಿಮಿಷ ಮಾಡಿ. ಕೊಡುವುದಕ್ಕೂ ಕೀಳುವುದಕ್ಕೂ ಒಂದೇ ನಿಯಮವಿಡಿ. ಗಿಗ್ ಕಾರ್ಮಿಕರಿಗಾಗಿ ಕರ್ನಾಟಕ 2025ರಲ್ಲಿ ತಂದ ಕಾನೂನು, ಇಂಥ ಸ್ವಯಂಚಾಲಿತ ವ್ಯವಸ್ಥೆಗಳು ಪಾರದರ್ಶಕವಾಗಿರಬೇಕು ಎನ್ನುತ್ತದೆ. ಆ ಮಾತಿಗೆ ಅರ್ಥ ಬರಬೇಕಾದರೆ ಭಾಗಾಕಾರದ ಆ ಒಂದು ಸಾಲನ್ನೂ ಕಾರ್ಮಿಕರ ಮುಂದಿಡಬೇಕು.

ನಾನು ನನ್ನ ಸಾಲನ್ನು ತಿದ್ದಿದೆ. ಆದರೆ ಅದಕ್ಕೆ ಮುಂಚೆ ಉದುರಿದ ಗಳಿಗೆಗಳನ್ನು ಯಾರಿಗೂ ವಾಪಸು ಕೊಟ್ಟಿಲ್ಲ. ಕಂಪ್ಯೂಟರ್ ಓದುತ್ತಿರುವ ತಮ್ಮಂದಿರೇ, ತಂಗಿಯರೇ, ಭಾಗಾಕಾರದ ಚಿಹ್ನೆ ಹಾಕುವ ಮುಂಚೆ ಒಂದು ಪ್ರಶ್ನೆ ಕೇಳಿಕೊಳ್ಳಿ: ಶೇಷ ಯಾರ ಪಾಲಿನದು?