ಹಿಡಿ ಜೋಳದ ಗಡಿಗೆ

ಹರಪನಹಳ್ಳಿಯ ಹೆಸರು ಕೇಳಿದಾಗಲೆಲ್ಲ ನನಗೆ ಆ ಊರಿನ ಮೇಲೆ ಒಡಹುಟ್ಟಿದವಳ ಮಮತೆ ಮೂಡುತ್ತದೆ. ಬಳ್ಳಾರಿ ಜಿಲ್ಲೆಯಲ್ಲಿದ್ದ ಅದನ್ನು 1997ರಲ್ಲಿ ಹೊಸದಾಗಿ ಹುಟ್ಟಿದ ದಾವಣಗೆರೆ ಜಿಲ್ಲೆಗೆ ಸೇರಿಸಿದರು. 2018ರಲ್ಲಿ ಮರಳಿ ಬಳ್ಳಾರಿಗೆ ಕೊಟ್ಟರು. 2021ರಲ್ಲಿ ವಿಜಯನಗರ ಜಿಲ್ಲೆಯಾದಾಗ ಅದಕ್ಕೆ ಒಪ್ಪಿಸಿದರು. ಇಷ್ಟಾದರೂ ಊರು ಕುಳಿತಲ್ಲಿಂದ ಅಲುಗಲಿಲ್ಲ. ಪಾದ್ರಿಯ ಹೆಂಡತಿಯಾದ ನನಗೂ ವರ್ಗಾವಣೆಗಳು ಹೊಸತಲ್ಲ. ಆದರೆ ಹರಪನಹಳ್ಳಿಗಿದ್ದ ಸೌಕರ್ಯ ನನಗಿರಲಿಲ್ಲ. ಪ್ರತಿಸಲವೂ ಪಾತ್ರೆಪಡಗ ಕಟ್ಟಿಕೊಂಡು ನಾನೇ ಹೊರಡಬೇಕಾಗಿತ್ತು. ಹೂವಿನಹಡಗಲಿ, ಕೊಟ್ಟೂರು, ಹರಪನಹಳ್ಳಿ, ಹಗರಿಬೊಮ್ಮನಹಳ್ಳಿ, ಈಗ ಕೂಡ್ಲಿಗಿ. ಮೂವತ್ತೈದು ವರ್ಷಗಳಲ್ಲಿ ಐದು ಊರುಗಳ ನೀರು ಕುಡಿದಿದ್ದೇನೆ.

ನಮ್ಮ ಯಜಮಾನರಿಗೆ ಸಭಾಪಾಲಕರೆಂದು ನೇಮಕದ ಪತ್ರವಿದೆ, ದೀಕ್ಷೆಯಿದೆ, ಬಿಳಿಯ ನಿಲುವಂಗಿಯಿದೆ, ಅಲ್ಪವಾದರೂ ಸಂಬಳವಿದೆ. ನನಗೆ ಇವಾವುವೂ ಇಲ್ಲ. ಆದರೆ ಹೊಸ ಊರಿಗೆ ಕಾಲಿಟ್ಟ ದಿನವೇ ನನ್ನ ಕೆಲಸ ನನಗಾಗಿ ಕಾದಿರುತ್ತದೆ. ಹೆಂಗಸರ ಪ್ರಾರ್ಥನಾಕೂಟ ನಡೆಸಬೇಕು, ಭಾನುವಾರ ಮಕ್ಕಳಿಗೆ ಪಾಠ ಹೇಳಬೇಕು, ಬಾಣಂತಿಯನ್ನು ನೋಡಬೇಕು, ಹೊತ್ತಲ್ಲದ ಹೊತ್ತಿನಲ್ಲಿ ಬಂದವರಿಗೆ ಊಟವಿಡಬೇಕು. ನಾಲ್ಕು ಜನರ ಮುಂದೆ ಹೇಳಲಾರದ ಸಂಕಟವನ್ನು ಹೊತ್ತುಕೊಂಡು ಹಿತ್ತಿಲ ಬಾಗಿಲಿಗೆ ಬಂದವಳ ಮಾತನ್ನು ಕೇಳಿ, ಕೇಳಿದ್ದನ್ನು ಮರೆಯಬೇಕು.

ನೆರೆಯ ಮನೆಯವರು ಮೊದಮೊದಲು ಬೆರಗಾಗಿ ಕೇಳುವುದುಂಟು: “ಪಾದ್ರಿಗಳಿಗೂ ಹೆಂಡತಿ ಇರ್ತಾರೇನ್ರಿ ಅಮ್ಮಾರೆ?” ರೋಮನ್ ಕ್ಯಾಥೊಲಿಕ್ ಗುರುಗಳು ಬ್ರಹ್ಮಚಾರಿಗಳು, ನಮ್ಮ ಪ್ರಾಟೆಸ್ಟೆಂಟ್ ಪಂಗಡದವರು ಸಂಸಾರಿಗಳು ಎಂದು ನಾನು ವಿವರಿಸುತ್ತೇನೆ. ಈ ಸಂಸಾರದ ಮೇಲ್ಪಂಕ್ತಿ ಹಾಕಿದವರಲ್ಲಿ ಮುಖ್ಯಳಾದವಳು ಜರ್ಮನಿಯ ಕ್ಯಾಥರೀನಾ. 1523ರಲ್ಲಿ ಕನ್ಯಾಮಠವನ್ನು ಬಿಟ್ಟುಬಂದ ಈ ಸಂನ್ಯಾಸಿನಿಯನ್ನು, ಸಂನ್ಯಾಸಿಯೇ ಆಗಿದ್ದ ಮಾರ್ಟಿನ್ ಲೂಥರ್ 1525ರ ಜೂನ್ 13ರಂದು ಮದುವೆಯಾದರು. ವಿಟೆನ್‌ಬರ್ಗಿನ ಹಳೆಯ ಮಠವೇ ಅವರ ಮನೆಯಾಯಿತು. ಆಕೆ ದನಕರು ಸಾಕಿದಳು, ತೋಟ ಮಾಡಿಸಿದಳು, ಮನೆಯಲ್ಲೇ ಬಿಯರ್ ಇಳಿಸಿದಳು, ವಿದ್ಯಾರ್ಥಿಗಳನ್ನು ಊಟಕ್ಕಿಟ್ಟುಕೊಂಡು ಸಂಸಾರ ತೂಗಿಸಿದಳು. ಆ ವಿದ್ಯಾರ್ಥಿಗಳು ಊಟದ ಹೊತ್ತಿಗೆ ಗುರುಗಳಾಡಿದ ಮಾತುಗಳನ್ನು ಬರೆದಿಟ್ಟುಕೊಂಡರು. ಅವು ದೊಡ್ಡ ಗ್ರಂಥವೇ ಆದವು. ಲೂಥರರು ಹೆಂಡತಿಗೆ ಬರೆದ ಪತ್ರಗಳಲ್ಲಿ ಹಲವು ಉಳಿದಿವೆ. ಆಕೆ ಗಂಡನಿಗೆ ಬರೆದವುಗಳಲ್ಲಿ ಒಂದೂ ಉಳಿದಿಲ್ಲ. ಇದನ್ನು ಓದಿದ ದಿನ ಒಲೆಯ ಮುಂದೆ ಕುಳಿತು ನಾನು ಬಹಳ ಹೊತ್ತು ಯೋಚಿಸಿದೆ.

ನನ್ನ ಮೊದಲ ಊರು ಹಡಗಲಿ, ಮಲ್ಲಿಗೆಯ ಊರು. ಭೌಗೋಳಿಕ ಗುರುತಿನ ಮನ್ನಣೆ ಪಡೆದ ಆ ಮಲ್ಲಿಗೆಯ ಪರಿಮಳ ಸಂಜೆಯಾಯಿತೆಂದರೆ ಬೀದಿಯನ್ನೆಲ್ಲ ತುಂಬುತ್ತಿತ್ತು. ಹೊಸ ಮದುವಣಗಿತ್ತಿಯಾದ ನಾನು ಹಣೆಗೆ ಕುಂಕುಮವಿಲ್ಲದೆ, ಮುಡಿಗೆ ಹೂವಿಲ್ಲದೆ ನೀರಿಗೆ ಹೋಗುವುದನ್ನು ಕಂಡು ನೆರೆಮನೆಯ ಹಿರಿಯಾಕೆ ಸಂಕಟಪಟ್ಟರು. “ಏನವ್ವಾ, ಗಂಡ ಕಣ್ಣಮುಂದ ಅದಾನ, ಬರೇ ತಲಿ ಇಟ್ಕೊಂಡು ತಿರಗ್ತೀಯಲ್ಲ!” ಎಂದು ಒಂದು ಮೊಳ ಹೂವನ್ನು ತಂದು ಕೈಗಿತ್ತರು. ಸಭೆಯ ಹಿರಿಯರೊಬ್ಬರಿಗೆ ಅದು ಸರಿಬೀಳಲಿಲ್ಲ. “ನೀವೇ ಹೂ ಮುಡಿದರೆ ನಮ್ಮ ಹೆಣ್ಣುಮಕ್ಕಳಿಗೆ ಏನು ಹೇಳೋಣ, ಅಮ್ಮಾರೆ?” ಎಂದರು. ಸರಳತೆಯೇ ಕ್ರೈಸ್ತ ಹೆಣ್ಣಿನ ಒಡವೆಯೆಂದು ಹಿಂದಿನವರು ಕಲಿಸಿದ್ದನ್ನು ಅವರು ಪ್ರಾಮಾಣಿಕವಾಗಿ ನಂಬಿದ್ದರು. ನಾನು ಯಜಮಾನರನ್ನು ಕೇಳಿದೆ. “ತಲೆ ನಿನ್ನದು, ಹೂವು ಆಕೆಯದು, ನಡುವೆ ನಾನೇಕೆ ಬರಲಿ?” ಎಂದು ಅವರು ಪುಸ್ತಕದಿಂದ ಕಣ್ಣೆತ್ತದೆ ಹೇಳಿದರು. ಮುಂದಿನ ಭಾನುವಾರ ಮಲ್ಲಿಗೆ ಮುಡಿದೇ ಆರಾಧನೆಗೆ ಹೋದೆ. ಅದರ ಮುಂದಿನ ಭಾನುವಾರ ಆ ಹಿರಿಯರ ಮನೆಯವರೂ ಮುಡಿದು ಬಂದರು.

ಕೊಟ್ಟೂರಿನಲ್ಲಿ ಪ್ರಶ್ನೆ ಬೇರೆಯಾಯಿತು. ಗುರು ಕೊಟ್ಟೂರೇಶ್ವರರ ತೇರಿನ ಸಮಯಕ್ಕೆ ದಾವಣಗೆರೆಯ ಕಡೆಯಿಂದಲೂ ಸುತ್ತಲ ಸೀಮೆಗಳಿಂದಲೂ ಸಾವಿರಾರು ಭಕ್ತರು ನಡೆದೇ ಬರುತ್ತಾರೆ. ದಾರಿಯುದ್ದಕ್ಕೂ ಜನರು ಅವರಿಗೆ ನೀರು, ಮಜ್ಜಿಗೆ, ಊಟ ಕೊಡುತ್ತಾರೆ. ಬಿಸಿಲಲ್ಲಿ ಕಾಲೆಳೆದುಕೊಂಡು ಬರುವವರನ್ನು ನೋಡಲಾರದೆ ನಾನೂ ಬಾಗಿಲಲ್ಲಿ ನೀರಿನ ಹರವಿಯನ್ನಿಟ್ಟೆ. “ಬೇರೆಯವರ ಜಾತ್ರೆಗೆ ನಾವು ಸೇರಿದಂತಾಗುವುದಿಲ್ಲವೆ?” ಎಂದು ನಮ್ಮವರೇ ಒಬ್ಬರು ಅನುಮಾನಿಸಿದರು. ಸಮಾರ್ಯದ ಬಾವಿಯ ಬಳಿ ಕುಳಿತು, ತನ್ನವರು ದೂರವಿಟ್ಟಿದ್ದ ಜನಾಂಗದ ಹೆಣ್ಣನ್ನು ಕುಡಿಯಲು ನೀರು ಬೇಡಿದವನು ನಮ್ಮ ಸ್ವಾಮಿ. ಆತನ ಮನೆಯ ಬಾಗಿಲಲ್ಲಿ ನೀರಿಗೆ ಗಡಿ ಎಳೆಯುವುದು ಹೇಗೆ? ಆ ವರ್ಷ ಹರವಿ ಒಂದಿತ್ತು, ಮರುವರ್ಷ ಮೂರಾದವು.

ಹರಪನಹಳ್ಳಿಗೆ ಬಂದಮೇಲೆ ನಾನು ಬರವೆಂದರೇನೆಂಬುದನ್ನು ಕಲಿತೆ. ಮಳೆ ಕೈಕೊಟ್ಟ ವರ್ಷ ನಮ್ಮ ಸಭೆಯ ದುಡಿಯುವ ಕೈಗಳೆಲ್ಲ ಗುಳೆ ಹೋಗುತ್ತಿದ್ದವು: ಕೆಲವರು ಮಲೆನಾಡಿನ ಕಾಫಿ ತೋಟಗಳಿಗೆ, ಕೆಲವರು ಬೆಂಗಳೂರಿನ ಕಟ್ಟಡ ಕೆಲಸಗಳಿಗೆ. ಭಾನುವಾರ ಯಜಮಾನರು ಮುದುಕರಿಗೂ ಮಕ್ಕಳಿಗೂ ಉಪದೇಶ ಮಾಡುತ್ತಿದ್ದರು. ಅಜ್ಜಿಯರ ಬಳಿ ಉಳಿದ ಮಕ್ಕಳು ಸಂಜೆ ನಮ್ಮ ಮನೆಯ ದೀಪಕ್ಕೆ ಬಂದು ಓದಿಕೊಳ್ಳುತ್ತಿದ್ದರು. ಕೆಲವರು ಊಟ ಮಾಡಿಕೊಂಡೇ ಹೋಗುತ್ತಿದ್ದರು.

ಆ ಊಟಕ್ಕೆ ಆಧಾರವಾದುದು ಹಿಡಿ ಜೋಳದ ಗಡಿಗೆ. ದಕ್ಷಿಣದ ಕ್ರೈಸ್ತ ಮನೆಗಳಲ್ಲಿ ಅನ್ನಕ್ಕಿಡುವ ಮುನ್ನ ಒಂದು ಹಿಡಿ ಅಕ್ಕಿಯನ್ನು ದೇವರಿಗೆಂದು ತೆಗೆದಿಡುವ ಪದ್ಧತಿಯುಂಟು. ರೊಟ್ಟಿಯ ಸೀಮೆಯಾದ ನಮ್ಮಲ್ಲಿ ಅದು ಜೋಳವಾಯಿತು. ಗಿರಣಿಗೆ ಕೊಂಡೊಯ್ಯುವ ಮುನ್ನ ಒಂದು ಹಿಡಿಯನ್ನು ಬೇರೆ ಇಟ್ಟು, ತಿಂಗಳಿಗೊಮ್ಮೆ ತಂದು ನನ್ನ ಗಡಿಗೆಗೆ ಸುರಿಯುತ್ತಿದ್ದರು. ಕಾಯಿಲೆಯ ಮನೆಗೆ, ಗಂಡ ಗುಳೆ ಹೋದ ಮನೆಗೆ ಅದನ್ನು ಅಳೆದು ಕಳಿಸುವುದು ನನ್ನ ಪಾಲಿನ ಕೆಲಸ. ಮಠಗಳ ಜೋಳಿಗೆಯನ್ನೂ ದಾಸೋಹವನ್ನೂ ಕಂಡ ನಾಡಿನ ಹೆಂಗಸರಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಹಾಗೆ ಕೊಡುತ್ತ ಕೊಡುತ್ತ, ನಾನು ಕೊಡುವವಳು, ಉಳಿದವರು ತೆಗೆದುಕೊಳ್ಳುವವರು ಎಂಬ ಸಣ್ಣ ಗರ್ವ ನನಗೆ ತಿಳಿಯದಂತೆ ಮನಸ್ಸಿನಲ್ಲಿ ಬೇರೂರಿತ್ತು.

ಹಗರಿಬೊಮ್ಮನಹಳ್ಳಿಯಲ್ಲಿ ಆ ಬೇರು ಕಿತ್ತಿತು.

ಅಲ್ಲಿ ನಮ್ಮ ಎರಡನೆಯ ಮಗು ಹುಟ್ಟಿ ಹನ್ನೊಂದು ದಿನ ಬದುಕಿತು. ಹನ್ನೆರಡನೆಯ ದಿನ ಯಜಮಾನರೇ ಪ್ರಾರ್ಥನೆ ಮಾಡಿ ಮಣ್ಣಿಗೆ ಕೊಟ್ಟು ಬಂದರು. ನೆರೆಯ ಲಿಂಗಾಯತರ ಮನೆಯಿಂದಲೂ ಸಾಬರ ಮನೆಯಿಂದಲೂ ಬುತ್ತಿ ಬಂತು. ಬಂದವರೆಲ್ಲ ನನಗೆ ಸಮಾಧಾನ ಹೇಳಿದರು: “ದೇವರ ಚಿತ್ತ, ಅಮ್ಮಾರೆ.” ಅದು ನನ್ನದೇ ಮಾತು. ಎಷ್ಟು ಮನೆಗಳಲ್ಲಿ, ಎಷ್ಟು ತಾಯಂದಿರ ಕೈಹಿಡಿದು ನಾನು ಅದನ್ನು ಹೇಳಿರಲಿಲ್ಲ! ಈಗ ಅದೇ ಮಾತು ನನ್ನ ಮೇಲೆ ಕಲ್ಲಿನಂತೆ ಬಿದ್ದಿತು. ರಾತ್ರಿ ಯಜಮಾನರು ಮೊಣಕಾಲೂರುತ್ತಿದ್ದರು; ನಾನು ಗೋಡೆಯ ಕಡೆಗೆ ಮುಖ ತಿರುಗಿಸಿ ಮಲಗುತ್ತಿದ್ದೆ. ದೇವರಿಲ್ಲವೆಂದು ನನಗನಿಸಲಿಲ್ಲ. ಇದ್ದಾನೆ, ಆದರೆ ಆತನೊಡನೆ ನನಗೆ ಆಡಲು ಮಾತಿಲ್ಲ ಎನಿಸಿತು. ಇದನ್ನು ಯಾರ ಮುಂದೆ ಹೇಳಲಿ? ಪಾದ್ರಿಯಮ್ಮನಿಗೇ ಪ್ರಾರ್ಥನೆ ಬಾರದೆಂದರೆ ಸಭೆಯ ಗತಿಯೇನು?

ಆಗ ಕ್ಯಾಥರೀನಾಳ ನೆನಪಾಯಿತು. ಆಕೆಯ ಎಂಟು ತಿಂಗಳ ಎಲಿಸಬೆತ್ 1528ರಲ್ಲಿ ತೀರಿಕೊಂಡಳು. ಹದಿಮೂರರ ಮಗ್ದಲೇನಾ 1542ರಲ್ಲಿ. ಮಗ್ದಲೇನಾಳ ಹಾಸಿಗೆಯ ಬಳಿ ತಂದೆ ಆಡಿದ ಮಾತುಗಳನ್ನು ಬರೆದಿಟ್ಟವರು ತಾಯಿಯ ವಿಷಯದಲ್ಲಿ ಆಕೆ ಅತ್ತಳೆಂದು ಬರೆದಿದ್ದಾರೆ. ಅಷ್ಟಾದರೂ ಬರೆದರಲ್ಲ ಎಂದುಕೊಂಡೆ.

ಐದನೆಯ ವಾರ ಹೆಂಗಸರ ಕೂಟಕ್ಕೆ ಹೋಗದೆ ನಿರ್ವಾಹವಿರಲಿಲ್ಲ. ಕೀರ್ತನೆ ಮುಗಿಯಿತು. ಎಲ್ಲರೂ ಕಣ್ಣುಮುಚ್ಚಿ ನನ್ನ ದನಿಗಾಗಿ ಕಾದರು. ನನ್ನ ಪ್ರಾರ್ಥನೆ ಯಾವಾಗಲೂ ಗ್ರಂಥದ ಕನ್ನಡದಲ್ಲಿರುತ್ತಿತ್ತು. 1810ರಲ್ಲಿ ಬಳ್ಳಾರಿಗೆ ಬಂದ ಜಾನ್ ಹ್ಯಾಂಡ್ಸ್ ಮತ್ತು ಅವರ ಸಂಗಡಿಗರು ವರ್ಷಗಟ್ಟಲೆ ದುಡಿದು, 1831ರಷ್ಟರಲ್ಲಿ ಇಡಿಯ ಬೈಬಲನ್ನು ಕನ್ನಡಕ್ಕೆ ತಂದರು. ಬಳಿಕ ಹಲವು ಸಲ ತಿದ್ದುಪಡಿಗೊಂಡ ಆ ಭಾಷೆಯೇ ನಮ್ಮ ಪ್ರಾರ್ಥನೆಗಳ ಭಾಷೆ. ಅದರ ಒಂದೊಂದು ಮಾತೂ ನನಗೆ ಬಾಯಿಪಾಠ. ಅಂದು ಒಂದೂ ಹೊರಡಲಿಲ್ಲ. ಒಂದು ನಿಮಿಷ ಕಳೆಯಿತು, ಎರಡು ಕಳೆದವು.

ಆಗ ಮೂಲೆಯಲ್ಲಿ ಕುಳಿತಿದ್ದ, ಅಕ್ಷರ ಬಾರದ ಅಜ್ಜಿಯೊಬ್ಬಳು ದನಿಯೆತ್ತಿದಳು: “ಸ್ವಾಮೀ, ಈ ಹುಡುಗೀಗೆ ಇವತ್ತು ಮಾತು ಬರವಲ್ದು. ಇಷ್ಟು ದಿನ ನಮ್ಮ ಸಲುವಾಗಿ ಈಕೀನೇ ನಿನ್ನ ಕೇಳ್ಯಾಳ. ಇವತ್ತು ಈಕಿ ಸಲುವಾಗಿ ನಾವು ಕೇಳ್ತೀವಿ. ಕೂಸನ್ನ ಚೆಂದಾಗಿ ನೋಡ್ಕೋ. ಆಮೇನ್.”

ಎಲ್ಲರೂ ಆಮೇನ್ ಎಂದರು. ನಾನು ಆ ಐದು ವಾರಗಳಲ್ಲಿ ಅಂದೇ ಮೊದಲ ಬಾರಿಗೆ ಬಾಯಿಬಿಟ್ಟು ಅತ್ತೆ. ಕೂಟ ಮುಗಿದಮೇಲೆ ಹೆಂಗಸರು ಮನೆಗೆ ಹೋಗಲಿಲ್ಲ. ಆ ತಿಂಗಳ ಹಿಡಿ ಜೋಳವನ್ನು ಬೀಸಿಸಿ, ಹಿಟ್ಟನ್ನು ನಮ್ಮ ಅಡಿಗೆಮನೆಗೇ ತಂದು, ತಾವೇ ರೊಟ್ಟಿ ಬಡಿದು, ನನ್ನನ್ನು ಕೂಡಿಸಿ ಉಣ್ಣಿಸಿದರು. ನಾನು ಎಷ್ಟೋ ಮನೆಗಳಿಗೆ ಅಳೆದು ಕಳಿಸಿದ್ದ ಗಡಿಗೆ ಅಂದು ನನ್ನ ಮನೆಯ ಪಾಲನ್ನು ಅಳೆಯಿತು.

ನಂಬಿಕೆಯೂ ಆ ಜೋಳದಂತೆಯೇ ಎಂದು ನನಗೆ ಆಮೇಲೆ ಹೊಳೆಯಿತು. ಅದು ಪಾದ್ರಿಯ ಮನೆಯ ಕಣಜದಲ್ಲಿ ತುಂಬಿಟ್ಟ ಸ್ವಂತ ದಾಸ್ತಾನಲ್ಲ. ಎಲ್ಲರೂ ಹಿಡಿಹಿಡಿಯಾಗಿ ಕೂಡಿಸಿದ್ದು. ತನ್ನ ಬಳಿ ಇಲ್ಲದ ದಿನ ಅದರಿಂದ ತೆಗೆದುಕೊಳ್ಳುವ ಹಕ್ಕು ಪಾದ್ರಿಯಮ್ಮನಿಗೂ ಉಂಟು. ಪ್ರಾರ್ಥನೆ ನನಗೆ ಮರಳಿ ಬಂದಿತು, ಆದರೆ ನಿಧಾನವಾಗಿ, ಮೊದಲಿನಷ್ಟು ಸರಾಗವಾಗಿಯಲ್ಲ. ಸಾವಿನ ಮನೆಯಲ್ಲಿ “ದೇವರ ಚಿತ್ತ” ಎಂದು ನಾನು ಅಂದಿನಿಂದ ಹೇಳಿಲ್ಲ. ಹೋಗಿ ಒಲೆ ಹಚ್ಚುತ್ತೇನೆ, ಗಂಜಿ ಕಾಯಿಸುತ್ತೇನೆ, ಪಕ್ಕದಲ್ಲಿ ಕೂಡುತ್ತೇನೆ.

ಕಾಲ ಬದಲಾಗಿದೆ. 1947ರಲ್ಲಿ ಸ್ಥಾಪನೆಯಾದ ದಕ್ಷಿಣ ಭಾರತ ಸಭೆ ಮುಂದೆ ಹೆಂಗಸರಿಗೂ ಗುರುದೀಕ್ಷೆ ಕೊಡಲು ಒಪ್ಪಿತು. 2013ರಲ್ಲಿ ನೆರೆಯ ಆಂಧ್ರದ ನಂದ್ಯಾಲದಲ್ಲಿ ಪುಷ್ಪಲಲಿತಾ ಎಂಬವರು ಬಿಷಪ್ಪರೇ ಆದರು. ಇನ್ನು ಪಾದ್ರಿಯ ಗಂಡಂದಿರೂ ಇರುತ್ತಾರೆ. ಅವರು ಬಂದವರಿಗೆಲ್ಲ ಊಟವಿಡಲೆಂದು ಸಭೆ ನಿರೀಕ್ಷಿಸುವುದೋ ಇಲ್ಲವೋ ನೋಡಬೇಕು!

ಈಗ ಕೂಡ್ಲಿಗಿಯಲ್ಲಿ ಪ್ರಾರ್ಥನೆಯ ಕೋರಿಕೆಗಳು ಮೊಬೈಲಿಗೂ ಬರುತ್ತವೆ. ಕಳೆದ ತಿಂಗಳು ದೂರದ ಹಳ್ಳಿಯೊಂದಕ್ಕೆ ಪಾದ್ರಿಯ ಮಡದಿಯಾಗಿ ಹೋದ ಎಳೆಯ ಹುಡುಗಿಯೊಬ್ಬಳು ಕರೆಮಾಡಿ, ಅಳುಕುತ್ತ ಕೇಳಿದಳು: “ಅಕ್ಕಾ, ಒಂದೊಂದು ದಿನ ನನಗೆ ಪ್ರಾರ್ಥನೆಯೇ ಬರುವುದಿಲ್ಲ. ಯಾರಿಗೂ ಹೇಳಬೇಡಿ. ಏನು ಮಾಡಲಿ?”

“ನಿಮ್ಮ ಸಭೆಯಲ್ಲಿ ಅಕ್ಷರ ಬಾರದ ಅಜ್ಜಿ ಯಾರಾದರೂ ಇದ್ದಾರೇನಮ್ಮ?” ಎಂದೆ.

“ಒಬ್ಬರಿದ್ದಾರೆ, ಅಕ್ಕಾ.”

“ಹಾಗಾದರೆ ನಾಳೆ ಅವರ ಮನೆಗೆ ಹೋಗು. ಇದನ್ನೇ ಅವರಿಗೆ ಹೇಳು” ಎಂದೆ.